ಕಚೇರಿಯ ನೆಟ್‌ವರ್ಕ್‌ ಮುಂದಿಟ್ಟುಕೊಂಡು ಸಿಸಿಎನ್‌ಎ ಓದಿದ್ದು

ಶಿರಸಿಯ ಅಡಿಕೆ ವ್ಯಾಪಾರದ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬನೇ. ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ, ಪಾಸ್‌ವರ್ಡ್ ಮರೆತುಹೋದರೂ, ಗೋದಾಮಿನ ತೂಕದ ಅಂಕಿ ಪರದೆಗೆ ಬಾರದಿದ್ದರೂ ಕರೆ ನನಗೇ. ಇದರ ನಡುವೆಯೇ ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೊ ಕಂಪನಿಯ ಸಿಸಿಎನ್‌ಎ, ಅಂದರೆ ನೆಟ್‌ವರ್ಕ್ ಕೆಲಸದ ಪ್ರಮಾಣಪತ್ರದ ಪರೀಕ್ಷೆ ಮುಗಿಸಿದೆ. ಹೇಗೆ ಓದಿದಿರಿ ಎಂದು ಊರಿನ ಹುಡುಗರು ಕೇಳುತ್ತಾರೆ. ಪುಸ್ತಕದ ಕ್ರಮದಲ್ಲಿ ಓದಲಿಲ್ಲ. ಕಚೇರಿಯಲ್ಲಿ ಏನು ಕೆಟ್ಟಿತೋ ಆ ಕ್ರಮದಲ್ಲಿ ಓದಿದೆ.

ಟೆಂಡರ್ ನಡೆಯುವ ದಿನವದು. ರಾಶಿ, ಚಾಲಿ, ಬೆಟ್ಟೆ ಎಂದು ಬಗೆಬಗೆಯ ಅಡಿಕೆಯ ಚೀಲಗಳ ಸಾಲು ಅಂಗಳದಲ್ಲಿ ಕಾದಿತ್ತು. ಲೆಕ್ಕದ ಮೇಜಿನ ಹಿರಿಯರು ಕೂಗಿದರು: “ತಮಾ, ಬಿಲ್ಲೇ ಬರುತ್ತಿಲ್ಲ, ಸ್ವಲ್ಪ ಬಾ.” ವಿಚಿತ್ರವೆಂದರೆ ಪಕ್ಕದ ಮೇಜಿನ ಕಂಪ್ಯೂಟರ್ ಸರಿಯಾಗಿಯೇ ಇತ್ತು. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸ ನೋಡಿದೆ. ನಮ್ಮ ವಿಳಾಸಗಳೆಲ್ಲ 10ರಿಂದ ಶುರುವಾಗುತ್ತವೆ. ಕೆಟ್ಟ ಯಂತ್ರದಲ್ಲಿ 192.168.0 ಎಂದಿತ್ತು. ಅಂದರೆ ನಮ್ಮದಲ್ಲದ ಯಾವುದೋ ರೂಟರ್ ವಿಳಾಸ ಹಂಚುತ್ತಿದೆ. ಆ ರೂಟರಿನ ಮ್ಯಾಕ್ ವಿಳಾಸವನ್ನು (ಉಪಕರಣಕ್ಕೆ ತಯಾರಕರು ಕೊಟ್ಟ ಗುರುತು) ಕಂಪ್ಯೂಟರಿನ ಎಆರ್‌ಪಿ ಪಟ್ಟಿಯಿಂದ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ಬರೆದುಕೊಂಡು, ಕೇಬಲ್‌ಗಳೆಲ್ಲ ಸೇರುವ ಸ್ವಿಚ್ಚಿನ ಮ್ಯಾಕ್ ಪಟ್ಟಿಯಲ್ಲಿ ಹುಡುಕಿದಾಗ ಪೋರ್ಟ್ ಸಿಕ್ಕಿತು. ಕೇಬಲ್ ಹಿಡಿದು ಹೋದರೆ ಸಭಾಕೊಠಡಿ. ಅಲ್ಲಿ ಮೊಬೈಲ್ ಸಿಗ್ನಲ್ ಬರುವುದಿಲ್ಲವೆಂದು ಒಬ್ಬರು ಮನೆಯ ವೈಫೈ ರೂಟರ್ ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿದ್ದರು. ಅವರ ಅಗತ್ಯವೂ ನಿಜವೇ. ರೂಟರ್ ತೆಗೆದು, ಮುಂದಿನ ವಾರ ಅಲ್ಲಿಗೆ ಸರಿಯಾದ ವೈಫೈ ಉಪಕರಣ ಹಾಕಿಸಿದೆ.

ಆ ರಾತ್ರಿ, ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವ ವಿಧಾನವಾದ ಡಿಎಚ್‌ಸಿಪಿಯ ಅಧ್ಯಾಯ ತೆರೆದೆ. ವಿಳಾಸ ಬೇಕು ಎಂದು ಕಂಪ್ಯೂಟರ್ ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಸರ್ವರ್ ಒಂದನ್ನು ಮುಂದಿಡುತ್ತದೆ, ಕಂಪ್ಯೂಟರ್ ಅದನ್ನೇ ಕೊಡು ಎನ್ನುತ್ತದೆ, ಸರ್ವರ್ ಒಪ್ಪುತ್ತದೆ. ನಾಲ್ಕೇ ಸಂದೇಶ. ಇಬ್ಬರು ಮುಂದಿಟ್ಟರೆ ಸಾಮಾನ್ಯವಾಗಿ ಮೊದಲು ತಲುಪಿದ್ದೇ ಗೆಲ್ಲುತ್ತದೆ. ರೂಟರ್ ಬಂದ ಮೇಲೆ ಚಾಲೂ ಮಾಡಿದ ಯಂತ್ರಗಳಷ್ಟೇ ಏಕೆ ಕೆಟ್ಟವು ಎಂಬುದು ಆಗ ತಿಳಿಯಿತು. ಪರಿಹಾರವೂ ಅದೇ ಪಠ್ಯಕ್ರಮದಲ್ಲಿದೆ, ಡಿಎಚ್‌ಸಿಪಿ ಸ್ನೂಪಿಂಗ್: ಸರ್ವರ್ ಕಡೆಯ ಪೋರ್ಟನ್ನು ಮಾತ್ರ ನಂಬು, ಉಳಿದ ಪೋರ್ಟಿನಿಂದ ಯಾರೇ ವಿಳಾಸ ಹಂಚಿದರೂ ಬಿಸಾಡು. ಮೊದಲು ಉಚಿತವಾಗಿ ಸಿಗುವ ಪ್ಯಾಕೆಟ್ ಟ್ರೇಸರ್ ಎಂಬ ಅಣಕು ನೆಟ್‌ವರ್ಕ್ ತಂತ್ರಾಂಶದಲ್ಲಿ ಮಾಡಿ ನೋಡಿ, ಆಮೇಲೆ ಕಚೇರಿಯ ಸ್ವಿಚ್ಚಿಗೆ ಹಾಕಿದೆ. ನಂಬಿಕೆಯ ಪೋರ್ಟ್ ಗುರುತಿಸದೆ ಇದನ್ನು ಚಾಲೂ ಮಾಡಿದರೆ ಹೊಸದಾಗಿ ಯಾರಿಗೂ ವಿಳಾಸ ಸಿಗುವುದಿಲ್ಲ, ಆ ಕ್ರಮ ತಪ್ಪಬಾರದು.

ವಿಳಾಸಗಳನ್ನು ಗುಂಪುಗಳಾಗಿ ಭಾಗಿಸುವ ಸಬ್‌ನೆಟ್ ಲೆಕ್ಕಕ್ಕೆ ಅನೇಕರು ಹೆದರುತ್ತಾರೆ. ಕಾಗದದ ಮೇಲೆ ನಮ್ಮ ಕಟ್ಟಡವನ್ನೇ ಬರೆದುಕೊಂಡೆ: ಲೆಕ್ಕಪತ್ರ, ಗೋದಾಮು, ಕ್ಯಾಮೆರಾ. /26 ಎಂದು ಬರೆಯುವ ಗುಂಪಿನಲ್ಲಿ 64 ವಿಳಾಸ, ಬಳಕೆಗೆ ಸಿಗುವುದು 62. ಕ್ಯಾಮೆರಾಗಳಿಗೆ /27ರ 30 ಸಾಕು. ಸ್ವಂತ ಕಟ್ಟಡಕ್ಕೆ ಹಂಚಿದ ಸಂಖ್ಯೆ ಮರೆಯುವುದಿಲ್ಲ.

ನಮ್ಮ ಸೀಮೆಯಲ್ಲಿ ಜೂನ್‌, ಜುಲೈಯ ಜಡಿಮಳೆಗಿಂತ ಏಪ್ರಿಲ್‌, ಮೇ ತಿಂಗಳ ಗುಡುಗು ಮಳೆಯೇ ಉಪಕರಣಗಳಿಗೆ ಹೆಚ್ಚು ಅಪಾಯ. ಕಚೇರಿಗೂ ಗೋದಾಮಿಗೂ ನಡುವೆ ತಾಮ್ರದ ಕೇಬಲ್ ಇದ್ದಾಗ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಎರಡೂ ತುದಿಯ ಪೋರ್ಟ್ ಸುಡುತ್ತಿತ್ತು. ಯುಪಿಎಸ್ ಇದ್ದರೂ ಪ್ರಯೋಜನವಿಲ್ಲ, ಹೊಡೆತ ಬರುವುದು ನೆಟ್‌ವರ್ಕ್ ತಂತಿಯ ದಾರಿಯಲ್ಲಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಫೈಬರ್ ಹಾಕಿಸಿದೆವು. ತಾಮ್ರಕ್ಕಿರುವ 100 ಮೀಟರಿನ ಮಿತಿಯೂ ಅದರಿಂದ ತಪ್ಪಿತು. ಕೊಳ್ಳುವವರಿಗೆ ಒಂದು ಮಾತು: ಉಕ್ಕಿನ ಕವಚದ ಫೈಬರ್ ಬೇಡ. ಒಳಗೆ ಗಾಜಿದ್ದರೂ ಹೊರಗಿನ ಉಕ್ಕು ಸಿಡಿಲಿನ ಹೊಡೆತವನ್ನು ಹೊತ್ತು ತರುತ್ತದೆ. ಲೋಹವಿಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ.

ಕಚೇರಿ ಕಲಿಸದ ಭಾಗಗಳೂ ಇವೆ. ಪರೀಕ್ಷೆಯಲ್ಲಿ ಸ್ವಯಂಚಾಲನೆಯ ವಿಷಯಕ್ಕೆ ನೂರಕ್ಕೆ 10ರಷ್ಟು ತೂಕ. ಅದನ್ನು ಪುಸ್ತಕದಿಂದಲೇ ಓದಿದೆ. ಹೆಚ್ಚು ತೂಕ ರೂಟಿಂಗ್ ಭಾಗಕ್ಕೆ, 25. ರೂಟರುಗಳು ತಮ್ಮತಮ್ಮಲ್ಲೇ ದಾರಿಯ ಮಾಹಿತಿ ಹಂಚಿಕೊಳ್ಳುವ ಓಎಸ್‌ಪಿಎಫ್ ಕಚೇರಿಯಲ್ಲಿ ನಮಗೆ ಬೇಕಿಲ್ಲವಾದರೂ ಬೆಳಗಿನ ಜಾವ ಎದ್ದು ಅದಕ್ಕೇ ಹೆಚ್ಚು ಹೊತ್ತು ಕೊಟ್ಟೆ. ಸೋರಿಕೆಯಾದ ಪ್ರಶ್ನೆಗಳೆಂದು ವಾಟ್ಸ್‌ಆ್ಯಪ್‌ನಲ್ಲಿ ಮಾರುವ ಕಡತಗಳನ್ನು ದಯವಿಟ್ಟು ಮುಟ್ಟಬೇಡಿ. ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೂ ಟೆಂಡರ್ ದಿನ ಬಿಲ್ ನಿಂತಾಗ ಆ ಉತ್ತರಗಳು ಕೈಹಿಡಿಯುವುದಿಲ್ಲ.

ಮನೆಯಲ್ಲೇ ಕ್ಯಾಮೆರಾದೆದುರು ಪರೀಕ್ಷೆ ಬರೆಯಬಹುದು. ಮಳೆಗಾಲದ ಕರೆಂಟನ್ನು ನಂಬಿ ಅಷ್ಟು ಶುಲ್ಕ ಪಣಕ್ಕಿಡುವುದು ಬೇಡವೆಂದು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಕೇಂದ್ರಕ್ಕೆ ಹೋದೆ. 120 ನಿಮಿಷ. ಮುಂದಿನ ಪ್ರಶ್ನೆಗೆ ಹೋದ ಮೇಲೆ ಹಿಂದಿನದಕ್ಕೆ ಮರಳುವಂತಿಲ್ಲ, ಹಾಗಾಗಿ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಅದೇ ನಿಯಮ ಇಟ್ಟುಕೊಂಡಿದ್ದೆ.

ಪ್ರಮಾಣಪತ್ರದ ಅವಧಿ ಮೂರು ವರ್ಷ. ಅಷ್ಟರೊಳಗೆ ಮತ್ತೆ ಪರೀಕ್ಷೆ ಬರೆಯಬೇಕು, ಇಲ್ಲವೇ ಸಿಸ್ಕೊ ಒಪ್ಪುವ ತರಬೇತಿಗಳಿಂದ 30 ಅಂಕ ಕೂಡಿಸಬೇಕು. ನಾನು ತರಬೇತಿಯ ದಾರಿ ಹಿಡಿದಿದ್ದೇನೆ. ಕ್ಯಾಮೆರಾಗಳನ್ನು ಬೇರೆ ವಿಎಲ್‌ಎಎನ್‌ಗೆ (ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಸರಿಸುವ ಕೆಲಸ ಅರ್ಧ ಆಗಿದೆ. ಹೊಸ ಅಡಿಕೆಯ ಆವಕ ಹೆಚ್ಚುವ ಮೊದಲು ಉಳಿದರ್ಧ ಮುಗಿಸಬೇಕು.