ಆಟಿಕೆ ಗನ್‌ಗೆ ಹಳೇ ಹಿತ್ತಾಳೆಯ ಕಳೆ

ಸ್ಟೀಮ್‌ಪಂಕ್ (ಉಗಿಯಂತ್ರ ಕಾಲದ ಕಲ್ಪನಾಲೋಕದ ಶೈಲಿ) ವೇಷಕ್ಕೆ ಗನ್ ಹುಡುಕ್ತಿದ್ದೀರಾ? ಫೋಮ್ ಡಾರ್ಟ್ ಹಾರಿಸುವ ಆಟಿಕೆ ಗನ್ ನರ್ಫ್ ಮ್ಯಾವರಿಕ್ ಸಿಕ್ಕರೆ ಬಿಡಬೇಡಿ. ಆರು ಡಾರ್ಟ್‌ಗಳ ತಿರುಗುವ ಸಿಲಿಂಡರ್ ಇರೋದ್ರಿಂದ ಹಳೇ ರಿವಾಲ್ವರ್‌ನ ಗತ್ತು ಅದಕ್ಕೆ ತಾನಾಗೇ ಬರುತ್ತೆ.

ಸ್ಕ್ರೂ ಬಿಚ್ಚಿದ ತಕ್ಷಣ ಒಳಗಿನ ಸ್ಪ್ರಿಂಗ್‌ಗಳ ಫೋಟೊ ತೆಗೆದಿಟ್ಟುಕೊಳ್ಳಿ. ಭಾಗಗಳನ್ನು ಸೋಪುನೀರಲ್ಲಿ ತೊಳೆದು, 220 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಕಂಪನಿ ಹೆಸರು ಉಜ್ಜಿ ತೆಗೆದು, ಇನ್ನೂ ನಯವಾದ 400ರಲ್ಲಿ ನುಣುಪು ಮಾಡಿ. ಮೇಲೆ ಬಣ್ಣ ಹಿಡಿಯೋಕೆ ಪ್ಲಾಸ್ಟಿಕ್ ಪ್ರೈಮರ್, ಆಮೇಲೆ ಕಪ್ಪು ಬಣ್ಣ, ಎರಡೂ ತೆಳುವಾಗಿ. ಒಂದಕ್ಕೊಂದು ಉಜ್ಜುವ ಭಾಗಗಳಿಗೆ ಬಣ್ಣ ಬೇಡ, ಟ್ರಿಗರ್ ಸಿಕ್ಕಿಹಾಕಿಕೊಳ್ಳುತ್ತೆ.

ನಿಜವಾದ ಕೈಚಳಕ ಇರೋದು ಡ್ರೈಬ್ರಷ್‌ನಲ್ಲಿ. ಬ್ರಷ್ಷಿನ ತುದಿಗೆ ಹಿತ್ತಾಳೆ ಬಣ್ಣ ತಗೊಂಡು, ಟಿಶ್ಯೂ ಮೇಲೆ ಹೆಚ್ಚುಕಮ್ಮಿ ಪೂರ್ತಿ ಒರೆಸಿ, ಉಬ್ಬಿದ ಅಂಚುಗಳ ಮೇಲಷ್ಟೇ ಹಗುರವಾಗಿ ಆಡಿಸಿ. ಸಂದುಗಳಲ್ಲಿ ಕಪ್ಪು ಉಳಿದು, ಅಂಚು ಸವೆದ ಲೋಹದ ಹಾಗೆ ಮಿನುಗುತ್ತೆ. ಅದು ಒಣಗಿದ ಮೇಲೆ ನೀರಾಗಿ ಕಲಸಿದ ಕಂದು ಅಕ್ರಿಲಿಕ್ ಬಳಿದು ತಕ್ಷಣ ಬಟ್ಟೆಯಲ್ಲಿ ಒರೆಸಿ. ಸ್ಕ್ರೂ ಗುಳಿಗಳಲ್ಲಿ ವರ್ಷಗಳ ಜಿಡ್ಡು ಕೂತಂತೆ ಕಾಣುತ್ತೆ. ಕೊನೆಗೆ ಅರೆಹೊಳಪಿನ ಸ್ಯಾಟಿನ್ ವಾರ್ನಿಷ್. ಹೊಳಪಿಲ್ಲದ ಮ್ಯಾಟ್ ಹೊಡೆದ್ರೆ ಹಿತ್ತಾಳೆ ಮಂಕಾಗುತ್ತೆ.

ನಳಿಗೆ ತುದಿಯ ಕಿತ್ತಳೆ ಬಣ್ಣ ಮಾತ್ರ ದಯವಿಟ್ಟು ಮುಚ್ಚಬೇಡಿ. ಅಮೆರಿಕದಲ್ಲಿ ಮಾರುವ ಆಟಿಕೆ ಬಂದೂಕಿಗೆ ಅಂಥ ಗುರುತು ಕಾನೂನಿನಲ್ಲೇ ಇದೆ. ಬಸ್ಸು, ಮೆಟ್ರೊಗಳಲ್ಲಿ ಕೈಯಲ್ಲಿ ಹಿಡಿದು ಓಡಾಡೋದೂ ಬೇಡ, ಬ್ಯಾಗಿನೊಳಗೇ ಇರಲಿ.