ಹಡಗು ರಾತ್ರಿ ಬಂದರಿನಲ್ಲಿ ನಿಂತಾಗ ನಾವು ಊರಿನಲ್ಲಿ ಉಳಿದ ಬಗೆ

ಕೊಡಗಿನ ಪಾಲಿಬೆಟ್ಟದ ನಮ್ಮ ತೋಟದಲ್ಲಿ ರೊಬಸ್ಟಾ ಕಾಫಿಯ ಕುಯ್ಲು ಮುಗಿದು, ಕಣದ ಚೆರಿಯೆಲ್ಲ, ಅಂದರೆ ಕಾಫಿ ಹಣ್ಣೆಲ್ಲ, ಒಣಗಿ ಚೀಲ ಸೇರಿ, ಹೂವಿಗೆ ಸ್ಪ್ರಿಂಕ್ಲರ್ ನೀರೂ ಆದ ಮೇಲೆ, ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಸಿಂಗಪುರದಿಂದ ಹೊರಡುವ ಹಡಗೊಂದರಲ್ಲಿ ಪ್ರವಾಸ ಹೋಗಿದ್ದೆವು. ಆ ಹಡಗು ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳಲ್ಲಿ ಒಂದೊಂದು ರಾತ್ರಿ ಬಂದರಿನಲ್ಲೇ ನಿಲ್ಲುತ್ತದೆ ಎಂಬ ಕಾರಣಕ್ಕೇ ನಾವು ಅದನ್ನು ಆರಿಸಿಕೊಂಡೆವು. ಮೊದಲನೆಯ ರಾತ್ರಿಯನ್ನು ನಾವು ಸರಿಯಾಗಿ ಬಳಸಿಕೊಳ್ಳಲಿಲ್ಲ, ಎರಡನೆಯದನ್ನು ಬಳಸಿಕೊಂಡೆವು. ಈಗ ಸುತ್ತಮುತ್ತಲಿನ ಬೆಳೆಗಾರ ಕುಟುಂಬಗಳೂ ಇಂಥ ಪ್ರವಾಸಕ್ಕೆ ಹೊರಡುತ್ತಿರುವುದರಿಂದ ಎರಡನ್ನೂ ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಪ್ರವಾಸದ ಪಟ್ಟಿಯಲ್ಲಿ ‘ಬ್ಯಾಂಕಾಕ್’ ಎಂದು ಅಚ್ಚಾಗಿತ್ತು. ಆದರೆ ಹಡಗು ಕಟ್ಟುವುದು ಲೇಮ್ ಚಬಾಂಗ್ ಎಂಬ ಬಂದರಿನಲ್ಲಿ. ಅಲ್ಲಿಂದ ಬ್ಯಾಂಕಾಕಿಗೆ ಹೆಚ್ಚುಕಡಿಮೆ ಮಡಿಕೇರಿಯಿಂದ ಮೈಸೂರಿಗೆ ಇರುವಷ್ಟೇ ದೂರವಿದೆ. ನಾವು ಬೆಳಿಗ್ಗೆ ಹಡಗಿನವರ ಬಸ್ಸಿನಲ್ಲಿ ಹೋಗಿ, ವಾಟ್ ಫೋ ದೇವಾಲಯದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಿ, ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅಲೆದು, ಇನ್ನೇನು ಹೊತ್ತು ತಂಪಾಗಿ ನದಿಯ ದಂಡೆಯಲ್ಲಿ ದೀಪ ಹತ್ತುವ ವೇಳೆಗೆ ಬಸ್ಸು ಹತ್ತಿ ಹಿಂದಿರುಗಿದೆವು. ಹಡಗು ಮುಟ್ಟುವಾಗ ರಾತ್ರಿ ಒಂಬತ್ತು ದಾಟಿತ್ತು. ಮರುದಿನ ಮತ್ತೆ ಅಷ್ಟು ದೂರ ಹೋಗುವ ತ್ರಾಣ ಇಬ್ಬರಿಗೂ ಉಳಿದಿರಲಿಲ್ಲ. ಹಡಗು ರಾತ್ರಿಯಿಡೀ ನಿಂತಿದ್ದರೂ ನಮಗೆ ದಕ್ಕಿದ್ದು ಒಂದು ಹಗಲು ಮಾತ್ರ. ರಾತ್ರಿ ತಂಗುವ ಬಂದರಿನ ಬೆಲೆಯಿರುವುದು ಅಲ್ಲಿಯ ಸಂಜೆಯಲ್ಲಿ ಮತ್ತು ನಸುಕಿನಲ್ಲಿ. ಅವೆರಡನ್ನೂ ಬಸ್ಸಿನಲ್ಲಿಯೋ ಹಡಗಿನ ಕೋಣೆಯಲ್ಲಿಯೋ ಕಳೆದರೆ ಆ ನಿಲುಗಡೆಗಾಗಿ ಕೊಟ್ಟ ಹಣ ವ್ಯರ್ಥ ಎಂದು ನನಗೆ ಅಂದೇ ಅನಿಸಿತು.

ಆದ್ದರಿಂದ ವಿಯೆಟ್ನಾಮಿನಲ್ಲಿ ಊರಿನೊಳಗೇ ಮಲಗುವುದೆಂದು ತೀರ್ಮಾನಿಸಿದೆವು. ಅಲ್ಲಿಯೂ ಹಡಗು ಕಟ್ಟುವುದು ಹೋ ಚಿ ಮಿನ್ ನಗರದ ನಡುವೆಯಲ್ಲ, ರಸ್ತೆಯಲ್ಲಿ ಸುಮಾರು ಎರಡು ಗಂಟೆಯಷ್ಟು ದೂರವಿರುವ ಫೂ ಮಿ ಎಂಬ ಸರಕು ಬಂದರಿನಲ್ಲಿ. ಊರಿನಲ್ಲಿ ಉಳಿಯಲು ಹಡಗಿನವರ ಅಡ್ಡಿಯೇನೂ ಇರಲಿಲ್ಲ. ಸ್ವಾಗತ ಕಟ್ಟೆಯಲ್ಲಿ ಮೊದಲೇ ತಿಳಿಸಬೇಕಿತ್ತು, ಅಷ್ಟೆ. ತೊಡಕು ಇದ್ದದ್ದು ಪಾಸ್‌ಪೋರ್ಟಿನಲ್ಲಿ. ಸಿಂಗಪುರದಲ್ಲಿ ಹಡಗು ಹತ್ತುವಾಗಲೇ ಎಲ್ಲರ ಪಾಸ್‌ಪೋರ್ಟುಗಳನ್ನು ತೆಗೆದಿಟ್ಟುಕೊಂಡಿದ್ದರು, ಬಂದರಿನಲ್ಲಿ ಇಳಿಯುವವರಿಗೆ ಅದರ ನಕಲನ್ನು ಮಾತ್ರ ಕೊಡುತ್ತಿದ್ದರು. ಹಗಲು ಸುತ್ತಿ ಬರುವವರಿಗೆ ನಕಲು ಸಾಕು. ಆದರೆ ವಿಯೆಟ್ನಾಮಿನ ಹೋಟೆಲುಗಳು ವಿದೇಶಿಯರ ಮೂಲ ಪಾಸ್‌ಪೋರ್ಟ್ ನೋಡಿ ಹೆಸರು ನೋಂದಾಯಿಸಿಕೊಳ್ಳುತ್ತವೆ. ನಾನು ಹಿಂದಿನ ದಿನವೇ ಹೋಗಿ ಕೇಳಿದೆ. ಮೊದಲು ಸಿಕ್ಕಿದ ಸಿಬ್ಬಂದಿ ಆಗುವುದಿಲ್ಲವೆಂದರು. ಹೋಟೆಲಿನ ಕಾಯ್ದಿರಿಸಿದ ಚೀಟಿಯನ್ನು ತೋರಿಸಿ, ಮೇಲಿನವರನ್ನು ಕರೆಸಿ ಮಾತನಾಡಿದ ಮೇಲೆ ಸಹಿ ಪಡೆದು ಎರಡೂ ಪಾಸ್‌ಪೋರ್ಟ್ ಕೊಟ್ಟರು. ಇಳಿಯುವ ದಿನ ಬೆಳಿಗ್ಗೆ ಕೇಳಿದ್ದರೆ ಆ ಸಾಲಿನಲ್ಲಿಯೇ ಅರ್ಧ ದಿನ ಹೋಗುತ್ತಿತ್ತು.

ವೀಸಾ ವಿಷಯದಲ್ಲಿ ಎರಡೇ ಮಾತು. ವಿಯೆಟ್ನಾಮಿನ ಇ-ವೀಸಾಕ್ಕೆ ಅರ್ಜಿ ಹಾಕುವಾಗ ಯಾವ ಸ್ಥಳದಿಂದ ದೇಶ ಪ್ರವೇಶಿಸುತ್ತೀರಿ ಎಂಬುದನ್ನು ಪಟ್ಟಿಯಿಂದ ಆರಿಸಬೇಕು. ಅಭ್ಯಾಸಬಲದಿಂದ ವಿಮಾನ ನಿಲ್ದಾಣವನ್ನು ಗುರುತಿಸದೆ ಬಂದರನ್ನೇ ಗುರುತಿಸಬೇಕು. ಇನ್ನು, ಪ್ರವಾಸ ಮುಗಿದು ಹಡಗು ಮತ್ತೆ ಸಿಂಗಪುರಕ್ಕೇ ಬರುವುದರಿಂದ ಅಲ್ಲಿಯ ವೀಸಾ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಕ್ಕೆ ಇರಬೇಕು.

ಫೂ ಮಿಯಲ್ಲಿ ಕಂಟೇನರ್‌ಗಳ ನಡುವೆ ನಡೆದು ಹೋಗಲು ಬಿಡುವುದಿಲ್ಲ. ನಾವು ಇಬ್ಬರಿಗೂ ಸೇರಿ ಒಂದೇ ಹೆಗಲುಚೀಲ ಹಿಡಿದು, ಹಡಗಿನವರ ಬಸ್ಸಿನಲ್ಲಿಯೇ ನಗರ ಸೇರಿದೆವು. ಬೆನ್ ಥಾನ್ ಮಾರುಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರದ ಸಣ್ಣ ಹೋಟೆಲನ್ನು ಆರಿಸಿದ್ದೆವು. ಬಿಸಿಲೇರಿದ ಹೊತ್ತಿನಲ್ಲಿ ಕೋಣೆಯಲ್ಲಿ ಮಲಗಿ, ನಾಲ್ಕರ ಮೇಲೆ ಹೊರಬಿದ್ದೆವು. ಫ್ರೆಂಚರ ಕಾಲದಲ್ಲಿ, 1891ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಅಂಚೆ ಕಚೇರಿಯಿಂದ ಮನೆಗೊಂದು ಕಾಗದ ಹಾಕಿದೆವು. ಮಾರುಕಟ್ಟೆಯ ಹತ್ತಿರವೇ, ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯಿದೆ. ನಮ್ಮೂರಿನ ಮಾರಿಯಮ್ಮನ ಗುಡಿಗಳನ್ನು ಕಂಡು ಬೆಳೆದ ನನ್ನ ಪತ್ನಿ ಅಲ್ಲಿ ವಿಯೆಟ್ನಾಮಿನ ಹೆಂಗಸರು ಊದುಬತ್ತಿ ಹಿಡಿದು ಗೋಡೆಗೆ ಹಣೆ ಒತ್ತಿ ಬೇಡಿಕೊಳ್ಳುತ್ತಿದ್ದುದನ್ನು ನೋಡುತ್ತ ಬಹಳ ಹೊತ್ತು ನಿಂತಳು. ಕತ್ತಲಾದ ಮೇಲೆ ನ್ಗುಯೆನ್ ಹ್ಯೂ ಎಂಬ ಅಗಲವಾದ ಬೀದಿಯಲ್ಲಿ ಊರಿಗೆ ಊರೇ ಮಕ್ಕಳೊಂದಿಗೆ ನಡೆದಾಡುತ್ತಿತ್ತು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ನೆನಪಿರುವುದು ಮರುದಿನದ ನಸುಕು. ಕೊಡಗಿನ ರೊಬಸ್ಟಾ ಬೆಳೆಗಾರರು ವಿಯೆಟ್ನಾಮಿನ ಹೆಸರೆತ್ತದ ದಿನವಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವವರು ಅವರು. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿ 50 ಕೆ.ಜಿ. ಚೆರಿ ಚೀಲದ ಬೆಲೆ ಏರುತ್ತದೆ, ಅಲ್ಲಿ ಬೆಳೆ ಹೆಚ್ಚಾದರೆ ಇಲ್ಲಿ ಇಳಿಯುತ್ತದೆ. ಕರಿಮೆಣಸಿನಲ್ಲಿಯೂ ಅದೇ ಕಥೆ. ಆರು ಗಂಟೆಗೆ ಕಾಲುದಾರಿಯ ಮೇಲಿನ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕುಳಿತಾಗ, ಹೆಂಗಸೊಬ್ಬರು ಗಾಜಿನ ಲೋಟಕ್ಕೆ ಎರಡು ಬೆರಳಿನಷ್ಟು ಮಂದ ಸಿಹಿಹಾಲು ಸುರಿದು, ಅದರ ಮೇಲೆ ‘ಫಿನ್’ ಎಂಬ ಸಣ್ಣ ಅಲ್ಯೂಮಿನಿಯಂ ಫಿಲ್ಟರನ್ನು ಕೂರಿಸಿ, ಬಿಸಿನೀರು ಹೊಯ್ದು ನಮ್ಮ ಮುಂದಿಟ್ಟರು. ಕಪ್ಪು ಡಿಕಾಕ್ಷನ್ ಒಂದೊಂದೇ ಹನಿಯಾಗಿ ಇಳಿದು, ಹಾಲಿನೊಂದಿಗೆ ಬೆರೆಯದೆ ಅದರ ಮೇಲೆ ಬೇರೆಯೇ ಪದರವಾಗಿ ನಿಲ್ಲುತ್ತ, ಐದು ನಿಮಿಷ ನಮ್ಮನ್ನು ಕಾಯಿಸಿತು. ಬಳಿಕ ಕಲಕಿ, ಮಂಜುಗಡ್ಡೆ ಹಾಕಿ ಕುಡಿದೆವು. ನಮ್ಮ ಮನೆಯ ಹದಕ್ಕಿಂತ ಬಹಳ ಗಾಢವಾಗಿ ಹುರಿದ ಬೀಜ, ಆದರೂ ಆ ಸಿಹಿಯ ಅಡಿಯಲ್ಲಿ ರೊಬಸ್ಟಾದ ಗಟ್ಟಿತನ ನನಗೆ ಥಟ್ಟನೆ ಗುರುತು ಸಿಕ್ಕಿತು. ನಮ್ಮ ರೊಬಸ್ಟಾವನ್ನು ನಾವು ಬರೀ ಬೆರಕೆಗೆ ಎಂದು ಮಾರುತ್ತೇವೆ, ಅವರು ಅದನ್ನೇ ಊರಿಡೀ ಕುಡಿಯುತ್ತಾರೆ. ಇದನ್ನು ನಮ್ಮ ಬೆಳೆಗಾರರು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ. ಹಡಗಿನಲ್ಲಿ ಮಲಗಿದ್ದರೆ ಆ ಹೊತ್ತಿಗೆ ನಾವು ಆ ಸ್ಟೂಲಿನ ಮೇಲೆ ಇರುತ್ತಿರಲಿಲ್ಲ.

ಅಲ್ಲಿ ದುಡ್ಡು ಕೊಡುವಾಗ ಒಂದು ತಪ್ಪಾಯಿತು. 20,000 ಡಾಂಗ್ ನೋಟೂ 5,00,000 ಡಾಂಗ್ ನೋಟೂ ಎರಡೂ ನೀಲಿ ಛಾಯೆಯವು, ಎರಡರ ಮೇಲೂ ಹೋ ಚಿ ಮಿನ್ ಅವರದೇ ಮುಖ. ಮಬ್ಬು ಬೆಳಕಿನಲ್ಲಿ ನಾನು ದೊಡ್ಡದನ್ನು ಕೊಟ್ಟೆ. ಆಕೆ ಅದನ್ನು ಹಿಂದಿರುಗಿಸಿ, ಸೊನ್ನೆಗಳ ಮೇಲೆ ಬೆರಳಿಟ್ಟು ತೋರಿಸಿದರು. ಅಲ್ಲಿಂದ ಮುಂದೆ ದೊಡ್ಡ ನೋಟುಗಳನ್ನು ಬೇರೆ ಜೇಬಿಗೆ ಹಾಕಿದೆ.

ಹಿಂದಿರುಗುವ ವಿಷಯದಲ್ಲಿ ಮಾತ್ರ ನಾವು ಸಡಿಲ ಬಿಡಲಿಲ್ಲ. ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ತಾವಾಗಿಯೇ ಹೋದವರಿಗೆ ಕಾಯುವುದಿಲ್ಲ, ಅವರು ತಮ್ಮ ಖರ್ಚಿನಲ್ಲಿ ಮುಂದಿನ ಬಂದರನ್ನು ತಲುಪಬೇಕು. ವಿಯೆಟ್ನಾಂ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಫೋನು ಊರಿನ ಸಮಯ ತೋರಿಸುತ್ತದೆ, ಹಡಗು ಯಾವ ಸಮಯದಲ್ಲಿ ನಡೆಯುತ್ತದೆ ಎಂಬುದು ಅವರ ನಿರ್ಧಾರ. ಹಾಗಾಗಿ ಇಳಿಯುವ ಮುನ್ನ ನನ್ನ ಕೈಗಡಿಯಾರವನ್ನು ಹಡಗಿನ ಗಡಿಯಾರಕ್ಕೆ ಸರಿಹೊಂದಿಸಿ ಮತ್ತೆ ಮುಟ್ಟಲಿಲ್ಲ, ಹಡಗಿನವರು ದಿನವೂ ಕೊಡುವ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿದ್ದ, ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡಿಕೊಳ್ಳುವ ಏಜೆಂಟರ ದೂರವಾಣಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೆ. ಸಂಜೆ ಐದಕ್ಕೆ ಹೊರಡುವ ಹಡಗಿಗೆ ಹನ್ನೊಂದಕ್ಕೇ ಊರು ಬಿಟ್ಟೆವು. ಲಾರಿಗಳಿಂದ ತುಂಬಿದ 51ನೇ ಹೆದ್ದಾರಿಯಲ್ಲಿ ಒಂದು ಕಡೆ ಮುಕ್ಕಾಲು ಗಂಟೆ ನಿಂತರೂ ಗಾಬರಿಯಾಗಲಿಲ್ಲ.

ತೋಟ ಇರುವವರು ಹುರಿಯದ ಬೀಜವನ್ನಾಗಲಿ ಸಸಿಯನ್ನಾಗಲಿ ಆಸೆಪಟ್ಟು ತರಬಾರದು. ಅದಕ್ಕೆ ಕಾನೂನಿನ ತಡೆಯಿದೆ, ಯಾವ ರೋಗ ಅದರೊಂದಿಗೆ ಬರುವುದೋ ಹೇಳಲಾಗದು. ನಾವು ತಂದದ್ದು ಎರಡು ಫಿನ್ ಮಾತ್ರ. ಬರುವ ಡಿಸೆಂಬರಿನಲ್ಲಿ ಅದೇ ದಾರಿಯಲ್ಲಿ ಹೊರಟಿರುವ ನೆರೆಮನೆಯ ಅಣ್ಣನಿಗೆ, ಉಳಿದಿದ್ದ 20,000ದ ಒಂದು ನೋಟನ್ನು ಕೊಟ್ಟಿದ್ದೇನೆ, ಅಲ್ಲಿ ಐದು ಲಕ್ಷದ ನೋಟು ಕೈಗೆ ಬಂದಾಗ ಪಕ್ಕದಲ್ಲಿಟ್ಟು ನೋಡಿಕೊಳ್ಳಲಿ ಎಂದು.