ಯುದ್ಧದ ಊರಲ್ಲಿದ್ದು ಬಂದವರ ಹತ್ರ ಕೂತು ಕೇಳೋದು, ಬರೆದಿಡೋದು ಹೇಗೆ

ಮೊದಲನೇ ಸಲ ನಾನು ಕೇಳಿದ್ದೇ ತಪ್ಪಾಗಿ. 2022ರ ಏಪ್ರಿಲ್, ನಾಗರಬಾವೀಲಿ ನಮ್ಮ ದೊಡ್ಡಪ್ಪನ ಮನೆ ಗೃಹಪ್ರವೇಶ, ಪಂಕ್ತೀಲಿ ನನ್ನ ಪಕ್ಕದಲ್ಲೇ ಚಿಕ್ಕಪ್ಪನ ಮಗಳು ಕೂತಿದ್ಲು. ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷ ಓದ್ತಿದ್ದವಳು, ವಾಪಸ್ ಬಂದು ಒಂದೂವರೆ ತಿಂಗಳಾಗಿತ್ತು ಅಷ್ಟೆ. ಹೋಳಿಗೆ ಬಡಿಸ್ತಿದ್ರು. "ಬಾಂಬ್ ಬಿದ್ದಿದ್ದು ಕಣ್ಣಾರೆ ನೋಡಿದ್ಯೇನೇ?" ಅಂದ್ಬಿಟ್ಟೆ. ಮುರಿದ ಹೋಳಿಗೆ ಎಲೆ ಮೇಲೇ ಬಿಟ್ಟು ಕೈ ತೊಳ್ಕೊಳೋಕೆ ಎದ್ದು ಹೋದ್ಲು, ಆಮೇಲೆ ಎಂಟು ತಿಂಗಳು ನಾವಿಬ್ರೂ ಆ ಮಾತೇ ಎತ್ತಲಿಲ್ಲ.

ಈಗ ಅವಳದ್ದು ಸುಮಾರು ಆರು ಗಂಟೆ ರೆಕಾರ್ಡಿಂಗ್ ನನ್ನ ಹತ್ರ ಇದೆ, ಜೊತೆಗೆ ಜಾಲಹಳ್ಳಿ ಕಡೆ ಇರೋ ಒಬ್ಬ ಅಂಕಲ್‌ದು ಮೂರು ಗಂಟೆ. ಅವರಪ್ಪ ಏರ್‌ಫೋರ್ಸ್‌ನಲ್ಲಿದ್ರು, 1971ರ ಯುದ್ಧ ಶುರುವಾದಾಗ ಇವರು ಪಠಾಣ್‌ಕೋಟ್‌ನಲ್ಲಿ ಹನ್ನೊಂದು ವರ್ಷದ ಹುಡುಗ. ಇವರಿಬ್ಬರಿಂದ ಕಲ್ತಿದ್ದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಬೆಂಗಳೂರಲ್ಲಿ ಇಂಥವರು ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಇದಾರೆ. 1990ರ ಆಗಸ್ಟ್ 2ಕ್ಕೆ ಇರಾಕ್ ಸೈನ್ಯ ಕುವೈತ್‌ಗೆ ನುಗ್ಗಿದ ಮೇಲೆ ಜೋರ್ಡಾನ್‌ನ ಅಮ್ಮಾನ್ ಮೂಲಕ ವಿಮಾನದಲ್ಲಿ ವಾಪಸ್ ಬಂದ ಭಾರತೀಯರು 1 ಲಕ್ಷ 70 ಸಾವಿರಕ್ಕೂ ಜಾಸ್ತಿ, ಅದರಲ್ಲಿ ಸ್ಕೂಲ್ ಮಕ್ಕಳಾಗಿದ್ದವರು ಈಗ ನಲವತ್ತು ದಾಟಿದವರು, ನಿಮ್ಮ ಆಫೀಸಲ್ಲೇ ಪಕ್ಕದ ಸೀಟಲ್ಲಿ ಇರಬಹುದು, ಯಾರೂ ಕೇಳಿಲ್ಲ ಅಂತ ಅವರೂ ಹೇಳಿರಲ್ಲ. ಸೈನಿಕರದ್ದು ಪೇಪರಲ್ಲಿ ಬರುತ್ತೆ, ಪುಸ್ತಕ ಬರುತ್ತೆ, ಪದಕ ಕೊಡ್ತಾರೆ. ಆದ್ರೆ ಆ ಊರಲ್ಲಿ ಸುಮ್ನೆ ಇದ್ದ ಹುಡುಗ ಹುಡುಗೀರಿಗೆ ಏನಾಯ್ತು ಅನ್ನೋದು ಮನೆಯವರೇ ಕೇಳಿ ಬರೆದಿಡದಿದ್ರೆ ಎಲ್ಲೂ ಉಳಿಯಲ್ಲ.

ಹೋಗೋ ಮುಂಚೆ ಸ್ವಲ್ಪ ಓದ್ಕೊಂಡು ಹೋಗಿ. ಒಂದೇ ಒಂದು ಹಾಳೇಲಿ ತಾರೀಕು ಬರ್ಕೊಳ್ಳಿ ಸಾಕು. ನಾನು ಬರ್ಕೊಂಡಿದ್ದು ಹೀಗಿತ್ತು: ಖಾರ್ಕಿವ್ ರಷ್ಯಾ ಗಡಿಯಿಂದ ಹೆಚ್ಚುಕಮ್ಮಿ 40 ಕಿಲೋಮೀಟರ್, 2022 ಫೆಬ್ರವರಿ 24ರ ಬೆಳಗಿನ ಜಾವ ದಾಳಿ ಶುರು, ಅಲ್ಲಿಯ ಟೈಮ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಮಾರ್ಚ್ 2ಕ್ಕೆ ನಮ್ಮ ಎಂಬಸಿ ಎಲ್ಲಾ ಭಾರತೀಯರು ಅಲ್ಲಿನ ಟೈಮ್ ಸಂಜೆ 6ರ ಒಳಗೆ ಖಾರ್ಕಿವ್ ಬಿಡಬೇಕು, ಗಾಡಿ ಸಿಗದಿದ್ರೆ ನಡ್ಕೊಂಡಾದ್ರೂ ಪಿಸೋಚಿನ್, ಬಾಬಾಯಿ, ಬೆಜ್ಲ್ಯುದೋವ್ಕಾ ಈ ಮೂರರಲ್ಲಿ ಒಂದು ಕಡೆ ಸೇರ್ಕೊಳ್ಳಿ ಅಂತ ಹೇಳಿದ್ದು. ಪಿಸೋಚಿನ್ 11 ಕಿಲೋಮೀಟರ್. ಅಂದ್ರೆ ಮೆಜೆಸ್ಟಿಕ್‌ನಿಂದ ಕೆಂಗೇರಿ ಕಡೆಗೆ ನಡ್ಕೊಂಡು ಹೋದ ಹಾಗೆ, ಆದ್ರೆ ಕೊರೆಯೋ ಚಳೀಲಿ, ಬೆನ್ನ ಮೇಲೆ ಬ್ಯಾಗು, ಹಿಂದೆ ಶೆಲ್ ಬೀಳೋ ಸದ್ದು. ಇಷ್ಟು ನಿಮಗೆ ಗೊತ್ತಿದ್ರೆ ಅವರು ಮೊದಲಿಂದ ಪಾಠ ಮಾಡೋ ಹಾಗೆ ಹೇಳ್ಬೇಕಾಗಲ್ಲ, ನೀವು ಸೀರಿಯಸ್ ಆಗಿ ಕೇಳೋಕೆ ಬಂದಿದೀರ ಅನ್ನೋದೂ ಗೊತ್ತಾಗುತ್ತೆ. ಆದ್ರೆ ಕೂತಾಗ ಆ ಹಾಳೆ ಬ್ಯಾಗಲ್ಲೇ ಇರ್ಲಿ, ಕೈಯಲ್ಲಿ ಹಿಡ್ಕೊಂಡ್ರೆ ಪೊಲೀಸ್ ವಿಚಾರಣೆ ತರ ಇರುತ್ತೆ.

ಜಾಗ, ದಿನ ಇವೆರಡನ್ನ ಅವರೇ ಆರಿಸ್ಲಿ, ಆದ್ರೆ ಕೆಲವು ನೀವೇ ತಪ್ಪಿಸ್ಬೇಕು. ದೀಪಾವಳಿ ವಾರ ಬೇಡ. ಯಲಹಂಕದಲ್ಲಿ ಏರೋ ಇಂಡಿಯಾ ಶೋ ನಡೆಯೋದು ಎರಡು ವರ್ಷಕ್ಕೊಂದ್ಸಲ ಫೆಬ್ರವರೀಲಿ, ಅದಕ್ಕೂ ಮುಂಚಿನ ಪ್ರಾಕ್ಟೀಸ್ ದಿನಗಳಿಂದಲೇ ಫೈಟರ್ ಜೆಟ್ ಸದ್ದು ಊರಿಗೆಲ್ಲಾ ಕೇಳುತ್ತೆ, ನಮಗೆ ಅದು ಟೆರೇಸ್ ಹತ್ತಿ ನೋಡೋ ಖುಷಿ. 2023ರಲ್ಲಿ ಅದೇ ತಿಂಗಳು ಖಾರ್ಕಿವ್ ದಾಳಿಗೆ ಒಂದು ವರ್ಷ ತುಂಬ್ತಿತ್ತು, ಒಂದು ಜೆಟ್ ಮನೆ ಮೇಲೆ ಹೋದಾಗ ಅಡುಗೆಮನೇಲಿದ್ದ ನಮ್ಮ ಚಿಕ್ಕಪ್ಪನ ಮಗಳು ಲೋಟ ಹಿಡ್ಕೊಂಡೇ ನೆಲದ ಮೇಲೆ ಕೂತ್ಬಿಟ್ಲಂತೆ. ನಮ್ಮ ಮೆಟ್ರೋ ಕೂಡ ಹಾಗೇನೇ. ವಿಜಯನಗರದಲ್ಲಿ ಹತ್ತಿದ್ರೆ ಮಾಗಡಿ ರೋಡ್ ಸ್ಟೇಷನ್‌ವರೆಗೂ ಟ್ರೇನ್ ಮೇಲೇ ಹೋಗುತ್ತೆ, ಅದು ದಾಟಿದ್ಮೇಲೆ ನೆಲದೊಳಗೆ ಇಳಿಯುತ್ತೆ, ಮತ್ತೆ ಬೆಳಕು ಕಾಣೋದು ಕಬ್ಬನ್ ಪಾರ್ಕ್ ಆದ್ಮೇಲೇನೆ. ಖಾರ್ಕಿವ್‌ನಲ್ಲಿ ಜನ ರಾತ್ರಿಗಟ್ಟಲೆ ಮಲಗಿದ್ದು ಮೆಟ್ರೋ ಸ್ಟೇಷನ್ ನೆಲದ ಮೇಲೆ, ಅವಳೂ ಎರಡು ರಾತ್ರಿ ಹಾಗೆ ಮಲಗಿದ್ಲು. ಇಲ್ಲಿ ಒಂದೂವರೆ ವರ್ಷ ಎಂಜಿ ರೋಡ್‌ಗೆ ಬಸ್ಸಲ್ಲೇ ಹೋಗ್ತಿದ್ಲು, ಯಾಕೆ ಅಂತ ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ, ಟ್ರಾಫಿಕ್‌ನಲ್ಲಿ ಯಾಕೆ ಸಾಯ್ತೀಯ ಅಂತ ಬೈತಿದ್ರು. ಅದಕ್ಕೇ ಹೇಳೋದು, ಕಾಫಿ ಡೇಲೋ ಮಾಲಲ್ಲೋ ಕರ್ದು ಕೂರಿಸ್ಬೇಡಿ, ಬೇಸ್‌ಮೆಂಟ್ ಪಾರ್ಕಿಂಗ್ ಇರೋ ಕಡೆ ಅಂತೂ ಬೇಡವೇ ಬೇಡ. ನಾವು ಕೂತಿದ್ದು ಅವರ ಮನೆ ಟೆರೇಸಲ್ಲಿ, ನೀರಿನ ಟ್ಯಾಂಕ್ ನೆರಳಲ್ಲಿ, ಬೆಳಿಗ್ಗೆ ತಿಂಡಿ ಆದ್ಮೇಲೆ.

ಅಪ್ಪ ಅಮ್ಮ ಪಕ್ಕದಲ್ಲಿರಬಾರ್ದು. ಇದನ್ನ ನಾನು ಒತ್ತಿ ಹೇಳ್ತೀನಿ. ಇಂಥಾ ಟೈಮಲ್ಲಿ ಮಕ್ಕಳು ದೊಡ್ಡವರಿಗೋಸ್ಕರ ಸುಳ್ಳು ಹೇಳಿರ್ತಾರೆ. ಬಂಕರ್‌ನಿಂದ ದಿನಾ ಫೋನ್ ಮಾಡಿ "ಊಟ ಆಯ್ತಮ್ಮ, ಅನ್ನ ಸಾರು ಮಾಡಿದ್ರು" ಅಂದಿದ್ಲು, ಆ ದಿನಗಳಲ್ಲಿ ತಿಂದಿದ್ದು ಒಣ ಬ್ರೆಡ್ಡು, ಅದರ ಮೇಲೆ ಊರಿಂದ ತಗೊಂಡು ಹೋಗಿದ್ದ ಚಟ್ನಿಪುಡಿ. ನಾವು ರೆಕಾರ್ಡಿಂಗ್‌ಗೆ ಕೂತಾಗಲೂ ಚಿಕ್ಕಮ್ಮ ಅನ್ನ ಸಾರು ಅಂತಾನೇ ನಂಬಿದ್ರು. ಅಮ್ಮ ಎದುರಿಗೆ ಕೂತಿದ್ರೆ ಅದೇ ಅನ್ನ ಸಾರಿನ ಕಥೆಯೇ ಮತ್ತೆ ರೆಕಾರ್ಡ್ ಆಗ್ತಿತ್ತು. ಒಬ್ಬಳೇ ಇದ್ದಾಗ ಕೇಳಿ, ಆಮೇಲೆ ಯಾವುದನ್ನ ಮನೆಯವರು ಕೇಳಬಹುದು, ಯಾವುದು ಬೇಡ ಅಂತ ಅವಳನ್ನೇ ಕೇಳಿ. ಹದಿನೆಂಟು ತುಂಬದ ಮಕ್ಕಳಾದ್ರೆ ಮಾತ್ರ ಅಪ್ಪ ಅಮ್ಮನ ಒಪ್ಪಿಗೆ ಮೊದಲೇ ಬೇಕು, ಮಗು ಬೇಡ ಅಂದ್ರೆ ಅವರ ಒಪ್ಪಿಗೆ ಇದ್ರೂ ಕೇಳ್ಬೇಡಿ.

ಇನ್ನು ಪ್ರಶ್ನೆ. ಯುದ್ಧದ ಬಗ್ಗೆ ಕೇಳ್ಬೇಡಿ, ಆ ದಿನದ ಬಗ್ಗೆ ಕೇಳಿ. "ಯುದ್ಧ ಹೇಗಿತ್ತು" ಅಂದ್ರೆ ಟೀವೀಲಿ ಬಂದಿದ್ದನ್ನೇ ಹೇಳ್ತಾರೆ, ಯಾಕಂದ್ರೆ ಒಂದು ಊರಲ್ಲಿ ಕಾಳಗ ನಡೆಯೋವಾಗ ಒಳಗೆ ಸಿಕ್ಕಿರೋ ಮಕ್ಕಳಿಗೆ ಅದು ಪೂರ್ತಿ ಕಾಣೋದೇ ಇಲ್ಲ, ಅವರಿಗೆ ಕಾಣೋದು ಒಂದು ರೂಮು, ಒಂದು ಮೆಟ್ಟಿಲು, ಫೋನಲ್ಲಿ ಎಷ್ಟು ಪರ್ಸೆಂಟ್ ಚಾರ್ಜ್ ಇದೆ ಅನ್ನೋದು. ನಾನು ಕೇಳಿದ್ದರಲ್ಲಿ ಕೆಲಸಕ್ಕೆ ಬಂದವು ಇವು: ನೀರು ಎಲ್ಲಿಂದ ತರ್ತಿದ್ರಿ, ಬಾತ್‌ರೂಮ್ ಎಲ್ಲಿತ್ತು, ನಿನ್ನ ಆ ಕಡೆ ಈ ಕಡೆ ಯಾರು ಮಲಗ್ತಿದ್ರು, ಕಾಲಿಗೆ ಏನು ಹಾಕ್ಕೊಂಡಿದ್ದೆ, ಬ್ಯಾಗಿಂದ ಏನು ತೆಗೆದು ಬಿಟ್ಟು ಬಂದೆ, ಯಾವ ವಾಸನೆ ಇತ್ತು, ಬೋರ್ ಆದಾಗ ಏನು ಮಾಡ್ತಿದ್ರಿ. ನೀರಿನ ಪ್ರಶ್ನೆ ಒಂದರಿಂದಾನೇ ಮುಕ್ಕಾಲು ಗಂಟೆ ಹೋಯ್ತು, ಉಕ್ರೇನಿನ ಸುಮಿ ಅನ್ನೋ ಊರಲ್ಲಿ ಸಿಕ್ಕಿಹಾಕ್ಕೊಂಡಿದ್ದ ಅವಳ ಫ್ರೆಂಡ್ಸ್ ಹಿಮ ಕರಗಿಸಿ ಕುಡಿದಿದ್ದು, ಅವರು ಅಲ್ಲಿಂದ ಹೊರಗೆ ಬರೋ ಹೊತ್ತಿಗೆ ಮಾರ್ಚ್ 8 ಆಗಿದ್ದು, ಎಲ್ಲಾ ಆ ಒಂದೇ ಮಾತಿನ ಹಿಂದೆ ಬಂತು.

ಬೋರ್ ಬಗ್ಗೆ ಕೇಳೋಕೆ ನನಗೆ ಮುಜುಗರ ಆಗಿತ್ತು, ಆದ್ರೆ ಅದನ್ನ ಕೇಳಲೇಬೇಕು. ಬಂಕರಲ್ಲಿ ಇಸ್ಪೀಟು ಆಡಿದ್ರು, ಯಾರೋ ಕನ್ನಡ ಹಾಡು ಹಾಕಿದಾಗ ಬೇರೆ ರಾಜ್ಯದ ಹುಡುಗ್ರೂ ಕುಣಿದ್ರು, ನಕ್ಕು ನಕ್ಕು ಹೊಟ್ಟೆ ನೋವು ಬಂತು ಅಂದ್ಲು, ಅಂದು ತಕ್ಷಣ ಅತ್ಲು. "ಅಕ್ಕ, ಹೊರಗೆ ಜನ ಸಾಯ್ತಿದ್ರು, ನಾವು ನಗ್ತಿದ್ವಿ" ಅಂತ. ಇದನ್ನ ಅವಳು ಯಾರ ಹತ್ರಾನೂ ಹೇಳಿರ್ಲಿಲ್ಲ. ಜಾಲಹಳ್ಳಿ ಅಂಕಲ್ ಕೂಡ ಅದೇ ತರ. ಸ್ಕೂಲ್ ಗ್ರೌಂಡಲ್ಲಿ ತೋಡಿದ್ದ ಟ್ರೆಂಚ್ ಒಳಗೆ ಹಾರೋದು ಹುಡುಗರಿಗೆಲ್ಲಾ ಆಟ, ಸೈರನ್ ಆಗ್ಲಿ ಅಂತ ಕಾಯ್ತಿದ್ರಂತೆ. ಅವರ ಅಮ್ಮ ಕಿಟಕಿ ಗಾಜಿಗೆ ಕಂದು ಪೇಪರ್ ಅಂಟಿಸೋಕೆ ಮೈದಾ ಗೋಂದು ಕಾಯಿಸ್ತಿದ್ರು. "ನನಗೇನೂ ಭಯ ಇರ್ಲಿಲ್ಲಮ್ಮ, ಪೇಪರ್ ಅಂಟಿಸ್ವಾಗ ಅಮ್ಮನ ಕೈ ನಡುಗ್ತಿತ್ತು ನೋಡು, ಅದನ್ನ ನೋಡಿ ಹೆದರಿದೆ" ಅಂದ್ರು. ಮೈದಾ ಗೋಂದಿನ ವಾಸನೆ ಬಂದ್ರೆ ಈಗಲೂ ಎದ್ದು ಬೇರೆ ರೂಮಿಗೆ ಹೋಗ್ತಾರೆ. ಬರೀ ಬಾಂಬ್ ಬಗ್ಗೆ ಕೇಳಿದ್ರೆ ಈ ಮೈದಾ ಗೋಂದು ನನಗೆ ಸಿಗ್ತಾನೇ ಇರ್ಲಿಲ್ಲ.

ತಾರೀಕು ತಪ್ಪು ಹೇಳಿದ್ರೆ ನಡುವೆ ಬಾಯಿ ಹಾಕ್ಬೇಡಿ. ಅಂಕಲ್ ಪ್ರಕಾರ ಬ್ಲ್ಯಾಕ್‌ಔಟ್, ಅಂದ್ರೆ ವಿಮಾನಕ್ಕೆ ಕಾಣಬಾರ್ದು ಅಂತ ರಾತ್ರಿ ಊರಿನ ದೀಪ ಎಲ್ಲಾ ಆರಿಸೋದು, ಒಂದು ತಿಂಗಳಿಗೂ ಜಾಸ್ತಿ ಇತ್ತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಅಮೃತಸರ ಎಲ್ಲಾ ಕಡೆ ಏರ್‌ಫೀಲ್ಡ್‌ಗಳ ಮೇಲೆ ದಾಳಿ ಮಾಡಿದ್ವು, ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಆಗಿ ಮಾರನೇ ದಿನ ಪಶ್ಚಿಮದ ಕಡೆನೂ ಕದನ ನಿಂತಿತ್ತು, ಅಂದ್ರೆ ಎರಡು ವಾರ. ಆದ್ರೆ ಹನ್ನೊಂದು ವರ್ಷದ ಹುಡುಗನಿಗೆ ಕತ್ತಲಲ್ಲಿ ಊಟ ಮಾಡಿದ ಎರಡು ವಾರ ಒಂದು ತಿಂಗಳಿಗಿಂತ ಉದ್ದ ಇತ್ತು ಅಂದ್ರೆ ಅದೂ ಒಂದು ಮಾಹಿತಿನೇ. ಅವರು ಹೇಳಿದ್ದನ್ನ ಹಾಗೇ ಬರೀರಿ, ಕೆಳಗೆ ಬೇರೆ ಇಂಕಲ್ಲಿ ಸರಿ ತಾರೀಕು ಬರೀರಿ. ಎರಡನ್ನೂ ಕಲಸ್ಬೇಡಿ.

ಸುಮ್ನಾದಾಗ ನೀವೂ ಸುಮ್ನಿರಿ. ಇದು ನನಗೆ ತುಂಬಾ ಕಷ್ಟ ಆಯ್ತು, ನಾವು ಮಾತು ನಿಂತ್ರೆ ಕಾಫಿ ಬೇಕಾ ಅಂತಾದ್ರೂ ಕೇಳೋ ಜನ. ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ಊಟದ ಸಾಮಾನು ತರೋಕೆ ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ಮೆಡಿಕಲ್ ಹುಡುಗ ಶೆಲ್ ದಾಳೀಲಿ ತೀರಿಕೊಂಡಿದ್ದು ನಿಮಗೆಲ್ಲಾ ನೆನಪಿರುತ್ತೆ, ಇಡೀ ಕರ್ನಾಟಕ ಅತ್ತಿತ್ತು. ಅದರ ಬಗ್ಗೆ ನಾನಾಗೇ ಒಂದು ಮಾತೂ ಕೇಳ್ಲಿಲ್ಲ. ಮೂರನೇ ಸಲ ಕೂತಾಗ ಅವಳೇ ಎತ್ತಿದ್ಲು, ಅವಳೂ ಅದೇ ದಿನ ಬೇರೆ ಒಂದು ಅಂಗಡಿ ಮುಂದೆ ಕ್ಯೂನಲ್ಲಿ ನಿಂತಿದ್ಲಂತೆ, ನಾಲ್ಕು ವಾಕ್ಯ ಹೇಳಿ ನಿಲ್ಲಿಸಿದ್ಲು. ರೆಕಾರ್ಡಿಂಗಲ್ಲಿ ಆಮೇಲೆ ಆರು ನಿಮಿಷ ಬರೀ ಕಾಗೆ ಸದ್ದು, ಕೆಳಗಡೆ ಸೊಪ್ಪಿನವನ ಕೂಗು. ಅದನ್ನ ನಾನು ಕಟ್ ಮಾಡಿಲ್ಲ. ಆವತ್ತು ಅಲ್ಲಿಗೇ ಮುಗಿಸಿ ಕೆಳಗೆ ಹೋಗಿ ಮಜ್ಜಿಗೆ ಕುಡಿದ್ವಿ. ಒಂದು ಸಲಕ್ಕೆ ಒಂದು ಗಂಟೆ ಮೇಲೆ ಹೋಗ್ಬೇಡಿ, ಮುಗಿಸೋವಾಗ ಯಾವುದಾದ್ರೂ ಸಾಧಾರಣ ವಿಷಯಕ್ಕೆ ಮಾತು ತಂದು ಮುಗಿಸಿ, ರಾತ್ರಿ ಒಂದು ಫೋನ್ ಮಾಡಿ. ನಿದ್ದೆ ಬರ್ತಿಲ್ಲ, ಮತ್ತೆ ಮತ್ತೆ ಅದೇ ಕಾಣ್ತಿದೆ ಅಂದ್ರೆ ರೆಕಾರ್ಡಿಂಗ್ ನಿಲ್ಸಿ, 14416ಕ್ಕೆ ಫೋನ್ ಮಾಡೋಕೆ ಹೇಳಿ. ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡಬಹುದು, ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ನಾವು ಡಾಕ್ಟರಲ್ಲ ಅನ್ನೋದು ನೆನಪಿರ್ಲಿ.

ರೆಕಾರ್ಡ್ ಮಾಡೋಕೆ ಫೋನ್ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಟವೆಲ್ ಮಡಚಿ ಅದರ ಮೇಲೆ ಇಡಿ, ಫ್ಯಾನ್ ಆಫ್ ಮಾಡಿ, ಕುಕ್ಕರ್ ಇಟ್ಟಿದಾರಾ ನೋಡ್ಕೊಳ್ಳಿ. ಮೊದಲು ಅವರ ಬಾಯಲ್ಲೇ "ರೆಕಾರ್ಡ್ ಮಾಡೋಕೆ ನನ್ನ ಒಪ್ಪಿಗೆ ಇದೆ" ಅಂತ ಹೇಳಿಸಿ. ಫೈಲನ್ನ ಅವತ್ತೇ ಎರಡು ಕಡೆ ಕಾಪಿ ಮಾಡಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಮಾತ್ರ ದಯವಿಟ್ಟು ಹಾಕ್ಬೇಡಿ.

ಬರೆಯೋವಾಗ ಅವರ ಮಾತನ್ನ ತಿದ್ದೋಕೆ ಹೋಗ್ಬೇಡಿ. ಫೋನಿನ ವಾಯ್ಸ್ ಟೈಪಿಂಗ್‌ಗೆ ನಮ್ಮ ಬೆರಕೆ ಕನ್ನಡ ಸರಿಯಾಗಿ ಅರ್ಥ ಆಗಲ್ಲ, ಕೂತು ಕೇಳ್ಕೊಂಡು ಕೈಯಲ್ಲೇ ಟೈಪ್ ಮಾಡಿದ್ರೆ ಒಳ್ಳೇದು, ಒಂದು ಗಂಟೆ ಮಾತಿಗೆ ನನಗೆ ಐದಾರು ಗಂಟೆ ಹಿಡೀತು. ಅವಳು ರೈಲ್ವೆ ಸ್ಟೇಷನ್‌ಗೆ ಅಲ್ಲಿಯವರ ತರಾನೇ ವೊಕ್ಜಾಲ್ ಅಂತಾಳೆ, ನಾನೂ ವೊಕ್ಜಾಲ್ ಅಂತಾನೇ ಬರೆದೆ. "ಸೌಂಡ್ ಆಮೇಲೆ ಬರೋದು ಅಕ್ಕ, ಮೊದಲು ನೆಲ ಒಂಥರಾ ಉಸಿರು ಎಳ್ಕೊಂಡ ಹಾಗಾಗುತ್ತೆ" ಅಂದಿದ್ಲು. ಇದನ್ನ "ಭೀಕರ ಸ್ಫೋಟದಿಂದ ಭೂಮಿ ಕಂಪಿಸಿತು" ಅಂತ ಬರೆದ್ರೆ ಅವಳೇ ಅಲ್ಲಿ ಇರಲ್ಲ.

ವಸ್ತುಗಳ ಬಗ್ಗೆನೂ ಕೇಳಿ. ಬೋಸ್ನಿಯಾದ ಸರಾಯೆವೋದಲ್ಲಿ 1992ರಿಂದ 1996ರವರೆಗೂ ಮುತ್ತಿಗೆ ಇತ್ತಲ್ಲ, ಆಗ ಅಲ್ಲೇ ಬೆಳೆದ ಯಾಸ್ಮಿಂಕೋ ಹಲಿಲೋವಿಚ್ ಅನ್ನೋರು ತಮ್ಮ ಓರಗೆಯವರನ್ನ ಯುದ್ಧದಲ್ಲಿ ಬಾಲ್ಯ ಅಂದ್ರೆ ನಿಮಗೆ ಏನು ಅಂತ ಇಂಟರ್ನೆಟ್‌ನಲ್ಲಿ ಕೇಳಿದ್ರು, ಅದೇ ಬೆಳೆದು 2017ರಲ್ಲಿ ಯುದ್ಧದ ಬಾಲ್ಯಕ್ಕೇ ಒಂದು ಮ್ಯೂಸಿಯಂ ಆಯ್ತು. ಅಲ್ಲಿರೋದು ಬಂದೂಕು, ಟ್ಯಾಂಕ್ ಅಲ್ಲ, ಮಕ್ಕಳಾಗಿದ್ದವರು ಇಟ್ಕೊಂಡಿದ್ದ ಆಟದ ಸಾಮಾನು, ಬಟ್ಟೆ, ಡೈರಿ, ಪ್ರತಿಯೊಂದರ ಜೊತೆ ಅದರ ಯಜಮಾನರ ಕಥೆ. ಇದು ಓದಿದ ಮೇಲೇನೇ ನಾನು ಅವಳನ್ನ "ಆವಾಗಿಂದು ಏನಾದ್ರೂ ಇದ್ಯಾ" ಅಂತ ಕೇಳಿದ್ದು. ಕೆಳಗೆ ಅಡುಗೆಮನೆಗೆ ಕರ್ಕೊಂಡು ಹೋಗಿ ಶೆಲ್ಫಲ್ಲಿದ್ದ ಒಂದು ಸ್ಟೀಲ್ ಡಬ್ಬಿ ತೋರ್ಸಿದ್ಲು, ಮುಚ್ಚಳ ಒಂದು ಕಡೆ ನೆಗ್ಗಿದೆ. ಆ ಚಟ್ನಿಪುಡಿ ಡಬ್ಬಿ. ಪಿಸೋಚಿನ್‌ವರೆಗೂ ನಡ್ಕೊಂಡು, ಆಮೇಲೆ ಬಸ್ಸು ಹತ್ತಿ ಗಡಿ ದಾಟಿ ವಾಪಸ್ ಬಂದಿದ್ದು. ಚಿಕ್ಕಮ್ಮ ಅದರಲ್ಲಿ ಈಗ ಮೆಂತ್ಯ ಹಾಕಿಟ್ಟಿದಾರೆ. ಫೋಟೋ ತಗೊಂಡೆ, ಎಲ್ಲಿತ್ತೋ ಅಲ್ಲೇ ಇಟ್ವಿ. ನೀವೂ ಫೋಟೋ ತಗೊಳ್ಳಿ, ವಸ್ತು ಮಾತ್ರ ಕೇಳಿ ತಗೊಂಡು ಬರ್ಬೇಡಿ.

ಕೊನೇಲಿ ಟೈಪ್ ಮಾಡಿದ್ದನ್ನ ಪ್ರಿಂಟ್ ತೆಗೆಸಿ ಮೊದಲು ಅವರ ಕೈಗೇ ಕೊಡಿ, ಜೊತೆಗೆ ಒಂದು ಪೆನ್ನು. ಏನನ್ನ ಹೊಡೆದು ಹಾಕಿದ್ರೂ ಯಾಕೆ ಅಂತ ಕೇಳ್ಬೇಡಿ, ತೆಗೆದುಬಿಡಿ, ರೆಕಾರ್ಡಿಂಗಲ್ಲೂ ತೆಗೀರಿ. ಅವಳು ನಲವತ್ತೊಂದು ಪುಟ ಹದಿನೈದು ದಿನ ಇಟ್ಕೊಂಡಿದ್ಲು. ಎರಡು ಪ್ಯಾರಾ ಪೂರ್ತಿ ಹೊಡೆದು ಹಾಕಿದ್ಲು, ಹೆಸರು ಎಲ್ಲೂ ಬೇಡ ಅಂದ್ಲು, ಅನ್ನ ಸಾರಿನ ಪುಟ ಅಮ್ಮ ಓದಬಹುದು ಅಂತ ಪಕ್ಕದಲ್ಲಿ ಟಿಕ್ ಹಾಕಿದ್ಲು. ಅದೇ ಪುಟದಲ್ಲಿ ನಾನು ಶೇಂಗಾ ಚಟ್ನಿಪುಡಿ ಅಂತ ಟೈಪ್ ಮಾಡಿದ್ದೆ, ಅದರ ಮೇಲೆ ಗೀಟು ಎಳೆದು ಮಾರ್ಜಿನ್‌ನಲ್ಲಿ ಬರೆದಿದ್ಲು: ಶೇಂಗಾ ಅಲ್ಲ ಅಕ್ಕ, ಅಗಸೆ.